ಗಂಧ, ಕುಂಕುಮ, ವಿಭೂತಿ: ಕಾವೇರಿ ದಂಡೆಯ ಒಂದು ಕ್ರೈಸ್ತ ಆಶ್ರಮ

ಕೊಡಗಿನಲ್ಲಿ ಹುಟ್ಟಿ, ಶ್ರೀರಂಗಪಟ್ಟಣವನ್ನು ಬಳಸಿ, ಶಿವನಸಮುದ್ರದಲ್ಲಿ ಧುಮುಕಿ ತಮಿಳುನಾಡನ್ನು ಹೊಗುವ ಕಾವೇರಿಯು ಶ್ರೀರಂಗವನ್ನು ಮುಟ್ಟುವ ಮೊದಲು ಕುಳಿತ್ತಲೈ ಎಂಬ ಸಣ್ಣ ಪಟ್ಟಣದ ಮಗ್ಗುಲಲ್ಲಿ ಹಾದುಹೋಗುತ್ತದೆ. ಅಲ್ಲಿ ನದಿಯ ದಕ್ಷಿಣ ದಂಡೆಯ ಮೇಲೆ, ತಣ್ಣೀರ್‌ಪಳ್ಳಿ ಎಂಬ ಹಳ್ಳಿಯ ಮರಗಳ ನೆರಳಿನಲ್ಲಿ, 1950ರಿಂದ ಒಂದು ಕ್ರೈಸ್ತ ಆಶ್ರಮವಿದೆ. ಅದರ ವಿಧ್ಯುಕ್ತ ಹೆಸರು ಸಚ್ಚಿದಾನಂದ ಆಶ್ರಮವಾದರೂ ಬಳಕೆಯಲ್ಲಿ ಉಳಿದಿರುವುದು ಶಾಂತಿವನ ಎಂಬ ಹೆಸರೇ. ಉಪನಿಷತ್ತಿನ ಪರಂಪರೆಯು ಪರಬ್ರಹ್ಮಕ್ಕೆ ಕೊಟ್ಟ ‘ಸತ್, ಚಿತ್, ಆನಂದ’ ಎಂಬ ಮೂರು ಪದಗಳಲ್ಲಿ ಆಶ್ರಮದ ಸ್ಥಾಪಕರು ಪಿತ, ಸುತ, ಪವಿತ್ರಾತ್ಮ ಎಂಬ ಕ್ರೈಸ್ತ ತ್ರಿತ್ವದ ಛಾಯೆಯನ್ನು ಕಂಡರು: ಇರುವಿಕೆಯೇ ಪಿತ, ಅರಿವೇ ಸುತ, ಅವರಿಬ್ಬರ ನಡುವಿನ ಪ್ರೀತಿಯ ಆನಂದವೇ ಪವಿತ್ರಾತ್ಮ. ಈ ಹೋಲಿಕೆ ಅವರ ಸ್ವಂತ ಶೋಧವಲ್ಲ. ಬಂಗಾಳದ ಬ್ರಹ್ಮಬಾಂಧವ ಉಪಾಧ್ಯಾಯರು (1861–1907) ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿಯೇ ಸಚ್ಚಿದಾನಂದ ತ್ರಿತ್ವವನ್ನು ಕುರಿತು ಸಂಸ್ಕೃತದಲ್ಲಿ ಸ್ತೋತ್ರ ರಚಿಸಿದ್ದರು.

ಈ ಆಶ್ರಮದ ಸ್ವರೂಪವನ್ನು ಅದರ ಗೋಪುರಕ್ಕಿಂತ, ಗ್ರಂಥಭಂಡಾರಕ್ಕಿಂತ ಸ್ಪಷ್ಟವಾಗಿ ಹೇಳುವುದು ಅಲ್ಲಿ ಪ್ರಾರ್ಥನೆಗೆ ಕುಳಿತವರ ಹಣೆ. ದಿನಕ್ಕೆ ಮೂರು ಸಲ ನಡೆಯುವ ಪ್ರಾರ್ಥನೆಯಲ್ಲಿ ಮೂರು ಬೇರೆ ಬೇರೆ ದ್ರವ್ಯಗಳ ತಟ್ಟೆಗಳು ಕೈಯಿಂದ ಕೈಗೆ ಸಾಗುತ್ತವೆ. ಬೆಳಗಿನ ತಟ್ಟೆಯಲ್ಲಿರುವುದು ಗಂಧ. ಮರಗಳಲ್ಲೆಲ್ಲ ಬೆಲೆಯುಳ್ಳದ್ದಾದ ಶ್ರೀಗಂಧವು ತನ್ನ ಪರಿಮಳವನ್ನು ಯಾರನ್ನೂ ಕೇಳದೆ ಸುತ್ತಲೂ ಹರಡುವುದರಿಂದ, ಅದು ಕನ್ನಡದ ಕ್ರೈಸ್ತರು ವರಪ್ರಸಾದವೆಂದು ಕರೆಯುವ ದೈವಕೃಪೆಯ, ಎಂದರೆ ಮನುಷ್ಯನ ಅರ್ಹತೆಯನ್ನು ಅಳೆಯದೆ ದೇವರು ತಾನಾಗಿ ಕೊಡುವ ಕೊಡುಗೆಯ, ಗುರುತಾಗಿದೆ. ದಿನದ ಕೆಲಸಕ್ಕೆ ಇಳಿಯುವ ಮುನ್ನ ದೇಹವನ್ನೂ ಅದರ ಅಂಗಗಳನ್ನೂ ದೇವರಿಗೆ ಒಪ್ಪಿಸುವ ಕ್ರಮವೂ ಅದೇ. ಮಧ್ಯಾಹ್ನದ ಪ್ರಾರ್ಥನೆಯಲ್ಲಿ ಹುಬ್ಬುಗಳ ನಡುವೆ ಕುಂಕುಮದ ಬೊಟ್ಟು ಬೀಳುತ್ತದೆ. ಹೊರಗಿನ ಎರಡು ಕಣ್ಣುಗಳು ನೋಡಿದ್ದನ್ನೆಲ್ಲ ‘ನಾನು’ ಮತ್ತು ‘ಅದು’ ಎಂದು ಒಡೆದು ನೋಡುತ್ತವೆಯೆಂದೂ, ಒಳಗಿನ ಮೂರನೆಯ ಕಣ್ಣು ಎಲ್ಲವನ್ನೂ ಒಂದಾಗಿ ಕಾಣುತ್ತದೆಯೆಂದೂ ಹೇಳುವ ಆಶ್ರಮದ ವಿವರಣೆಯು, ಕಣ್ಣು ನೆಟ್ಟಗಿದ್ದರೆ ದೇಹವೆಲ್ಲ ಬೆಳಕಾಗಿರುತ್ತದೆಂಬ ಯೇಸುವಿನ ಬೋಧನೆಯನ್ನು ಇದರೊಡನೆ ಕೂಡಿಸಿಕೊಳ್ಳುತ್ತದೆ. ಸಂಜೆಯದು ವಿಭೂತಿ. ಉರಿಯುವುದೆಲ್ಲ ಉರಿದುಹೋದ ಮೇಲೆ ಉಳಿಯುವ ಬೂದಿಯು ಕಲ್ಮಷ ಕಳೆದ ಜೀವದ ಗುರುತು.

ಹಣೆಯ ಮೇಲಿನ ಗುರುತೇ ಮತವನ್ನೂ ಪಂಗಡವನ್ನೂ ಹೇಳುವ ನಾಡಿನಲ್ಲಿ, ಮುದ್ರೆ ನಾಮಗಳಿಂದ ಒಬ್ಬರನ್ನೂ ಮೂರು ಬೆರಳ ಭಸ್ಮದಿಂದ ಇನ್ನೊಬ್ಬರನ್ನೂ ಗುರುತಿಸುವ ಜನರ ನಡುವೆ, ಒಂದೇ ಹಣೆ ದಿನಕ್ಕೆ ಮೂರು ಗುರುತುಗಳನ್ನು ಧರಿಸುವುದು ವಿಚಿತ್ರವೆನಿಸಬಹುದು. ಬೆಳಗಿನ ಗಂಧ ಒಣಗಿ ಉದುರುವಷ್ಟರಲ್ಲಿ ಅದೇ ಜಾಗಕ್ಕೆ ಕುಂಕುಮವೂ, ಬೆವರಿಗೆ ಕುಂಕುಮ ಕದಡಿದ ಮೇಲೆ ಬೂದಿಯೂ ಬರುತ್ತದೆ. ಆದರೆ ಇವು ಪಂಗಡದ ಚಿಹ್ನೆಗಳಲ್ಲ, ದಿನದ ಹೊತ್ತುಗಳು ಎಂದು ತಿಳಿದರೆ ಕ್ರಮ ಸ್ಪಷ್ಟವಾಗುತ್ತದೆ: ಮೊದಲು ಕೃಪೆಯನ್ನು ಪಡೆಯುವುದು, ಅನಂತರ ಲೋಕವನ್ನು ನೇರವಾಗಿ ನೋಡುವುದು, ಕೊನೆಗೆ ‘ನಾನು’ ಎಂಬುದನ್ನು ಸುಟ್ಟುಕೊಳ್ಳುವುದು. ತಪಸ್ಸುಕಾಲದ ಆರಂಭದ ಬುಧವಾರ ಹಣೆಗೆ ಬೂದಿ ಹಚ್ಚಿಸಿಕೊಳ್ಳುವ ಕ್ಯಾಥೋಲಿಕರಿಗೆ ಇದರ ಕೊನೆಯ ಮೆಟ್ಟಿಲಾದರೂ ಹೊಸದಲ್ಲ. ಅವರು ವರ್ಷಕ್ಕೊಮ್ಮೆ ಮಾಡುವುದನ್ನು ಶಾಂತಿವನ ಪ್ರತಿ ಸಂಜೆಯೂ ಮಾಡುತ್ತದೆ.

ದೇವಾಲಯದ ಕಟ್ಟಡವೂ ಈ ದಾರಿಯಲ್ಲಿಯೇ ಇದೆ. ಮುಂದೆ ಗೋಪುರ, ಬೆಂಚುಗಳಿಲ್ಲದೆ ನೆಲದ ಮೇಲೆ ಕೂರುವ ಮಂಟಪ, ಅದರಾಚೆ ಪರಮಪ್ರಸಾದವನ್ನು ಇರಿಸಿರುವ ಮಬ್ಬುಗತ್ತಲೆಯ ಗರ್ಭಗುಡಿ. ಬಲಿಪೂಜೆಯ ಕಾಣಿಕೆಯ ಭಾಗದಲ್ಲಿ ರೊಟ್ಟಿ ಮತ್ತು ದ್ರಾಕ್ಷಾರಸಗಳ ತಟ್ಟೆಯ ಸುತ್ತ ಎಂಟು ಹೂಗಳನ್ನು ಒಂದೊಂದಾಗಿ, ಒಂದೊಂದಕ್ಕೂ ಒಂದು ಸಂಸ್ಕೃತ ನಾಮವನ್ನು ಹೇಳುತ್ತ, ಎಂಟು ದಿಕ್ಕುಗಳಿಗೆ ಇರಿಸಲಾಗುತ್ತದೆ. ನೀರಿನ ಪ್ರೋಕ್ಷಣೆ, ಧೂಪ, ಕರ್ಪೂರದಾರತಿಗಳ ಮೂಲಕ ನೀರು, ಗಾಳಿ, ಬೆಂಕಿಗಳೂ ಕಾಣಿಕೆಯಲ್ಲಿ ಸೇರಿಕೊಳ್ಳುತ್ತವೆ. ಕೀರ್ತನೆಗಳ ಮತ್ತು ಬೈಬಲ್ಲಿನ ಪಠಣದ ಜೊತೆಗೆ ಬೆಳಿಗ್ಗೆ ವೇದೋಪನಿಷತ್ತುಗಳಿಂದಲೂ, ಮಧ್ಯಾಹ್ನ ಕುರ್‌ಆನ್ ಮತ್ತು ಗ್ರಂಥಸಾಹಿಬ್‌ಗಳಿಂದಲೂ, ಸಂಜೆ ತಮಿಳು ಭಕ್ತಕವಿಗಳಿಂದಲೂ ಆಯ್ದ ಭಾಗಗಳನ್ನು ಓದುವ ರೂಢಿ ಇಲ್ಲಿ ಬೆಳೆದುಬಂದಿದೆ.

ಆಶ್ರಮದ ಇತಿಹಾಸವನ್ನು ಮೂವರು ಐರೋಪ್ಯರ ಹೆಸರಿನಲ್ಲಿ ಸಂಕ್ಷೇಪಿಸಬಹುದು. ಫ್ರಾನ್ಸಿನ ಯಾಜಕ ಜೂಲ್ ಮೊನ್‌ಷನಾಂ (1895–1957) 1939ರಲ್ಲಿ ಭಾರತಕ್ಕೆ ಬಂದು ತಿರುಚಿನಾಪಳ್ಳಿ ಸೀಮೆಯ ಹಳ್ಳಿಗಳಲ್ಲಿ ದುಡಿದರು. 1948ರಲ್ಲಿ ಅವರನ್ನು ಕೂಡಿಕೊಂಡ ಬೆನೆಡಿಕ್ಟೀನ್ ಸಂನ್ಯಾಸಿ ಆನ್ರಿ ಲ ಸೋ (1910–1973) ಬ್ರಿಟನಿ ಪ್ರಾಂತದ ಕಡಲತೀರದವರು. ಇಬ್ಬರೂ ಕಾವಿಯುಟ್ಟು, ಪರಮ ಅರೂಪಿ ಆನಂದಂ ಮತ್ತು ಅಭಿಷಿಕ್ತಾನಂದ ಎಂಬ ಹೆಸರುಗಳನ್ನು ಧರಿಸಿ, 1950ರ ಮಾರ್ಚ್ 21ರಂದು, ಸಂತ ಬೆನೆಡಿಕ್ಟರ ಹಬ್ಬದ ದಿನ, ಗುಡಿಸಲುಗಳಲ್ಲಿ ಆಶ್ರಮವನ್ನು ಆರಂಭಿಸಿದರು. ಅವರು ನಿರೀಕ್ಷಿಸಿದ ಭಾರತೀಯ ಶಿಷ್ಯರು ನೆಲೆನಿಲ್ಲಲಿಲ್ಲ. ಮೊನ್‌ಷನಾಂ ಕಾಯಿಲೆಯಿಂದ ಪ್ಯಾರಿಸ್ಸಿನಲ್ಲಿ ತೀರಿಕೊಂಡರು. ರಮಣ ಮಹರ್ಷಿಗಳ ದರ್ಶನದಿಂದ ಅಲುಗಿಹೋಗಿ ಅರುಣಾಚಲದ ಗುಹೆಗಳಲ್ಲಿ ದಿನಗಳನ್ನು ಕಳೆದಿದ್ದ ಅಭಿಷಿಕ್ತಾನಂದರು ಕ್ರಮೇಣ ಹಿಮಾಲಯದತ್ತ ಸರಿದು 1968ರಲ್ಲಿ ಆಶ್ರಮವನ್ನು ಬಿಟ್ಟುಕೊಟ್ಟರು. ಆಗ ಅದರ ಹೊಣೆ ಹೊತ್ತವರು ಬೀಡ್ ಗ್ರಿಫಿತ್ಸ್ (1906–1993).

ಆಕ್ಸ್‌ಫರ್ಡಿನಲ್ಲಿ ಸಾಹಿತಿ ಸಿ. ಎಸ್. ಲೂಯಿಸರ ಶಿಷ್ಯರಾಗಿದ್ದು ಮುಂದೆ ಅವರ ಗೆಳೆಯರೂ ಆದ ಗ್ರಿಫಿತ್ಸರು, ಯಂತ್ರನಾಗರಿಕತೆಗೆ ಬೇಸತ್ತು ಇಬ್ಬರು ಮಿತ್ರರೊಡನೆ ಇಂಗ್ಲೆಂಡಿನ ಹಳ್ಳಿಯೊಂದರ ಕುಟೀರದಲ್ಲಿ ಹಸುವಿನ ಹಾಲು ಕರೆದು, ಮೇಣದ ಬತ್ತಿಯ ಬೆಳಕಿನಲ್ಲಿ ಬೈಬಲ್ ಓದಿ ಬದುಕಿದವರು. ಅನಂತರ ಬೆನೆಡಿಕ್ಟೀನ್ ಮಠವನ್ನು ಸೇರಿದ ಅವರು 1955ರಲ್ಲಿ ಭಾರತಕ್ಕೆ ಬಂದಾಗ ಮೊದಲು ನೆಲೆಸಿದ್ದು ಬೆಂಗಳೂರಿನ ಹೊರಗಿನ ಕೆಂಗೇರಿಯಲ್ಲಿ. ಐರೋಪ್ಯ ಮಠಗಳ ಲೆಕ್ಕದಲ್ಲಿ ಅಲ್ಲಿಯ ಬದುಕು ತೀರ ಸರಳವಾಗಿತ್ತು. ಆದರೆ ಮೇಜು, ಕುರ್ಚಿ, ಮಂಚಗಳಿದ್ದ ಆ ಮನೆ ನೆಲದ ಮೇಲೆ ಮಲಗುವ ನೆರೆಹೊರೆಯವರ ಕಣ್ಣಿಗೆ ಬಡತನವಾಗಿ ಕಾಣುವಂತಿರಲಿಲ್ಲ. ಬಡತನದ ವ್ರತ ತೊಡುವುದು ಬೇರೆ, ಬಡವರಂತೆ ಬದುಕುವುದು ಬೇರೆ ಎಂಬ ಕೆಂಗೇರಿಯ ಈ ಪಾಠದ ಗುರುತು ಮುಂದೆ ಶಾಂತಿವನದ ಚಾಪೆಯಲ್ಲಿ, ಬರಿಗಾಲಿನಲ್ಲಿ, ಕೈತುತ್ತಿನ ಊಟದಲ್ಲಿ ಕಾಣುತ್ತದೆ. 1958ರಲ್ಲಿ ಅವರು ಬೆಲ್ಜಿಯಮ್ಮಿನ ಫ್ರಾನ್ಸಿಸ್ ಆಚಾರ್ಯರೊಡನೆ ಕೇರಳದ ಬೆಟ್ಟಗಳಲ್ಲಿ ಕುರಿಸುಮಲ ಆಶ್ರಮವನ್ನು ಕಟ್ಟಿ, ಹತ್ತು ವರ್ಷಗಳ ಅನಂತರ ಕಾವೇರಿಯ ದಂಡೆಗೆ ಇಳಿದರು.

ಆಶ್ರಮದ ದಿನಚರಿಯಲ್ಲಿ ಸೂರ್ಯೋದಯದ ಒಂದು ಗಂಟೆಯೂ ಸೂರ್ಯಾಸ್ತದ ಒಂದು ಗಂಟೆಯೂ ಮೌನಕ್ಕೆ ಮೀಸಲು. ಈ ಮೌನವು ಮಾತನ್ನು ಬಿಗಿಹಿಡಿಯುವ ವ್ರತವಲ್ಲ. ಪೂರ್ವದ ಧರ್ಮಸಭೆಯ ಮರುಭೂಮಿ ಸಂನ್ಯಾಸಿಗಳು ಗ್ರೀಕಿನಲ್ಲಿ ‘ಹೆಸಿಖಿಯಾ’ ಎಂದು ಕರೆದ, ಯೋಚನೆಗಳು ತಾವಾಗಿ ತಳಕ್ಕಿಳಿದು ಹೃದಯ ತಿಳಿಯಾಗುವ ಸ್ಥಿತಿಯ ಸಾಧನೆ ಅದು. ಅದಕ್ಕೆ ಅವರು ಬಳಸಿದ ಉಪಾಯವೆಂದರೆ ಯೇಸುವಿನ ಹೆಸರನ್ನೂ ಅವನ ಕರುಣೆಯ ಬೇಡಿಕೆಯನ್ನೂ ಒಂದು ಸಣ್ಣ ವಾಕ್ಯವಾಗಿಸಿ ಉಸಿರಿನೊಡನೆ ಜಪಿಸುವುದು. ಗ್ರಿಫಿತ್ಸರು ದಶಕಗಳ ಕಾಲ ಮಾಡಿದ್ದೂ ಇದೇ ನಾಮಜಪವನ್ನು. 1990ರ ಜನವರಿಯಲ್ಲಿ ಪಾರ್ಶ್ವವಾಯು ಬಡಿದು, ತಮ್ಮ ಕುಟೀರದಲ್ಲಿ ಸಾವನ್ನು ಎದುರು ನೋಡುತ್ತಿದ್ದಾಗ, ತಾಯಿಗೆ ಶರಣಾಗಬೇಕೆಂಬ ಪ್ರೇರಣೆಯೊಂದು ಒಳಗಿನಿಂದ ಬಂದು ಪ್ರೀತಿಯ ಅಲೆಗಳು ತಮ್ಮನ್ನು ಮುಳುಗಿಸಿದುವೆಂದು ಅವರು ಹೇಳಿಕೊಂಡರು; ತಲೆಯಿಂದ ಬದುಕಿದ ಪಂಡಿತನನ್ನು ಆ ಪೆಟ್ಟು ಹೃದಯಕ್ಕೆ ಇಳಿಸಿತೆಂಬುದು ಅವರ ತಿಳುವಳಿಕೆಯಾಗಿತ್ತು.

ಮೌನವು ದಯೆಯಾಗಿ ಹರಿಯದಿದ್ದರೆ ಅದು ಬರಿಯ ನೆಮ್ಮದಿಯೆನಿಸಿಕೊಳ್ಳುತ್ತದೆ. ಬಂದ ಅತಿಥಿಯನ್ನು ಕ್ರಿಸ್ತನೆಂದೇ ಬರಮಾಡಿಕೊಳ್ಳಬೇಕೆಂದು ಆರನೆಯ ಶತಮಾನದ ಸಂತ ಬೆನೆಡಿಕ್ಟರು ತಮ್ಮ ಮಠಗಳಿಗೆ ವಿಧಿಸಿದ ನಿಯಮವು ಶಾಂತಿವನದಲ್ಲಿ, ಮುಖ ನೋಡಿ ಮಣೆ ಹಾಕುವ ಲೋಕರೂಢಿಗೆ ವಿರುದ್ಧವಾಗಿ, ಮತ ಕೇಳದೆ ಎಲೆ ಹಾಕುವ ಪದ್ಧತಿಯಾಗಿ ಬೆಳೆಯಿತು. ನೆರೆಯ ಹಳ್ಳಿಯ ದಿಕ್ಕಿಲ್ಲದ ಮುದುಕರಿಗೆ ಆಸರೆ, ಬಡಮಕ್ಕಳ ಓದಿಗೆ ನೆರವು ಎಂಬ ಸಣ್ಣ ಕೆಲಸಗಳು ಸದ್ದಿಲ್ಲದೆ ಸಾಗಿವೆ. 1921ರಲ್ಲಿ ತಿರುಪ್ಪತ್ತೂರಿನಲ್ಲಿ ಜೇಸುದಾಸನ್ ಮತ್ತು ಪೇಟನ್ ಎಂಬ ಇಬ್ಬರು ವೈದ್ಯರು ಕಟ್ಟಿದ ಕ್ರಿಸ್ತುಕುಲ ಆಶ್ರಮವು ಆಸ್ಪತ್ರೆಯಿಂದ ಆರಂಭಿಸಿ ಧ್ಯಾನವನ್ನು ಕೂಡಿಸಿಕೊಂಡರೆ, ಶಾಂತಿವನ ಧ್ಯಾನದಿಂದ ಹೊರಟು ನೆರೆಯವರ ಹಸಿವಿನತ್ತ ಬಂದಿತು.

ಈ ಪ್ರಯೋಗ ಎರಡೂ ಕಡೆಯಿಂದ ಪೆಟ್ಟು ತಿಂದಿದೆ. ಹಿಂದೂ ಚಿಹ್ನೆಗಳನ್ನು ಬಳಸುವುದು ಮತಾಂತರದ ಮುಖವಾಡವೆಂದು ಲೇಖಕ ಸೀತಾರಾಮ ಗೋಯಲರು 1988ರಲ್ಲಿ ಪುಸ್ತಕವನ್ನೇ ಬರೆದರು. ಸಂಸ್ಕೃತ ಮತ್ತು ಕಾವಿಗಳು ತಮ್ಮನ್ನು ಹೊರಗಿಟ್ಟ ಮೇಲ್ಜಾತಿಯ ಸಂಸ್ಕೃತಿಗೇ ಸೇರಿದುವೆಂದು ದಲಿತ ಕ್ರೈಸ್ತ ಚಿಂತಕರು ಕೇಳಿದ ಪ್ರಶ್ನೆ ಇನ್ನೂ ಹರಿತವಾದದ್ದು. ಹಾಗಿದ್ದರೂ ಇದರ ಬೀಜ ಬೇರೆಡೆಯೂ ಮೊಳೆತಿದೆ. ಬೆಂಗಳೂರಿನ ರಾಷ್ಟ್ರೀಯ ಧರ್ಮೋಪದೇಶ ಕೇಂದ್ರವನ್ನು ಕಟ್ಟಿ, ನೆಲದ ಮೇಲೆ ಕೂರುವುದು, ಕೈಮುಗಿಯುವುದು, ಆರತಿ ಎತ್ತುವುದು ಮೊದಲಾದ ಹನ್ನೆರಡು ಭಾರತೀಯ ಆಚರಣೆಗಳಿಗೆ 1969ರಲ್ಲಿ ರೋಮಿನ ಒಪ್ಪಿಗೆ ದೊರೆತಾಗ ಮುಂಚೂಣಿಯಲ್ಲಿದ್ದ ಡಿ. ಎಸ್. ಅಮಲೋರ್‌ಪವದಾಸರು ಮುಂದೆ ಮೈಸೂರಿನಲ್ಲಿ ಅಂಜಲಿ ಆಶ್ರಮವನ್ನು ಸ್ಥಾಪಿಸಿದರು.

ಗ್ರಿಫಿತ್ಸರ ಕಾಲದಲ್ಲಿ ಖಂಡಾಂತರಗಳಿಂದ ಜನರನ್ನು ಸೆಳೆದ ಆ ತೋಪಿಗೆ ಅಂಥ ಮತ್ತೊಬ್ಬ ಹೆಸರಾಂತ ಗುರು ದೊರೆತಿಲ್ಲ. ಇಂದೋರಿನಲ್ಲಿ ತೀರಿಕೊಂಡ ಅಭಿಷಿಕ್ತಾನಂದರ ಅವಶೇಷಗಳೂ ಮುಂದೆ ಅಲ್ಲಿಗೇ ಬಂದು ಗ್ರಿಫಿತ್ಸರ ಸಮಾಧಿಯ ನೆರೆಯಲ್ಲಿ ಸೇರಿದುವು. ಶಿಷ್ಯರ ಸಂಖ್ಯೆಯಿಂದ ಅಳೆದರೆ ಮೊದಲ ಇಬ್ಬರೂ ಸೋತವರು. ಮೊನ್‌ಷನಾಂ ಅವರಿಗಂತೂ ತಾವು ಆರಿಸಿಕೊಂಡ ನದಿಯ ದಂಡೆಯಲ್ಲಿ ಮಣ್ಣಾಗುವ ಭಾಗ್ಯವೂ ಇರಲಿಲ್ಲ. ಬೇಸಿಗೆಯಲ್ಲಿ ಕಾವೇರಿ ಮರಳಿನ ನಡುವಿನ ಸಣ್ಣ ಗೆರೆಯಾಗುತ್ತದೆ, ಸಂಜೆಯ ತಟ್ಟೆಗೆ ಕೈಚಾಚುವವರು ಒಂದು ಸಾಲಿಗೂ ಸಾಲದ ದಿನಗಳಿರುತ್ತವೆ. ಆದರೂ ತಟ್ಟೆ ಸಾಗುತ್ತದೆ, ಇದ್ದಷ್ಟು ಹಣೆಗಳಿಗೆ ಬೂದಿ ತಗಲುತ್ತದೆ, ಮರುದಿನದ ಬೆಳಗಿಗೆ ಗಂಧ ಸಿದ್ಧವಾಗಬೇಕಾಗಿರುತ್ತದೆ.