ನಿಮಗಿದು ಗೊತ್ತೆ? ಕಪ್ ಗೆದ್ದ ಕ್ಲಬ್ಬಿನಲ್ಲೂ ಸಂಬಳ ನಿಂತಿತ್ತು

2018–19ರ ಇಂಡಿಯನ್ ಸೂಪರ್ ಲೀಗ್ ಗೆದ್ದ ಬೆಂಗಳೂರು ಎಫ್‌ಸಿ, 2025ರ ಆಗಸ್ಟ್‌ನಲ್ಲಿ ಮೊದಲ ತಂಡದ ಆಟಗಾರರು ಮತ್ತು ಸಿಬ್ಬಂದಿಯ ಸಂಬಳವನ್ನು ಅನಿರ್ದಿಷ್ಟಾವಧಿಗೆ ತಡೆಹಿಡಿಯಿತು. ಕಾರಣ ಸೋಲಲ್ಲ. ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ 2010ರಲ್ಲಿ ಮಾಡಿಕೊಂಡಿದ್ದ 15 ವರ್ಷಗಳ ವಾಣಿಜ್ಯ ಹಕ್ಕಿನ ಒಪ್ಪಂದ ಮುಗಿಯುತ್ತ ಬಂದು, ಲೀಗ್ ನಡೆಯುವುದೇ ಅನುಮಾನವಾಗಿತ್ತು. ಪಂದ್ಯವಿಲ್ಲದಿದ್ದರೆ ಟಿಕೆಟ್ ಹಣವಿಲ್ಲ, ಪ್ರಸಾರವಿಲ್ಲ, ಜರ್ಸಿಯ ಮೇಲೆ ಹೆಸರು ಹಾಕಿಸುವವರೂ ಇಲ್ಲ. ಲೆಕ್ಕದಲ್ಲಿ ಮೂರು ಆದಾಯ, ಬೇರು ಮಾತ್ರ ಒಂದೇ. ಬಿಡದಿ ಬಳಿಯ ಬೈರಮಂಗಲದ ಕಡೆ ರೇಷ್ಮೆಗೂಡಿನ ಬೆಲೆ ಬಿದ್ದರೂ ಡೇರಿಯ ಹಾಲಿನ ದುಡ್ಡು ಮನೆ ನಡೆಸುತ್ತದೆ. ಕ್ಲಬ್ಬಿಗೆ ಬೇಕಾದದ್ದು ಹೀಗೆ ಒಂದಕ್ಕೊಂದು ಅಂಟಿಕೊಳ್ಳದ ವರಮಾನ.

ಜೆಎಸ್‌ಡಬ್ಲ್ಯುನಂಥ ದೊಡ್ಡ ಮಾಲೀಕರಿರುವಾಗ ಭಯವೇಕೆ ಎನ್ನಬಹುದು. ಆದರೆ ಮಹೀಂದ್ರ ಯುನೈಟೆಡ್ 2010ರಲ್ಲಿ, ಪಂಜಾಬಿನ ಜೆಸಿಟಿ 2011ರಲ್ಲಿ ಬಾಗಿಲು ಹಾಕಿದವು. ಈ ಎರಡೂ ಕ್ಲಬ್ಬುಗಳ ಹಿಂದೆ ಕಂಪನಿಗಳಿದ್ದವು. ಮಾಲೀಕರ ಹಣ ಅವರ ಮನಸ್ಸಿರುವವರೆಗೆ. ಹಾಗೆಂದು ಅಭಿಮಾನಿಗಳ ಟಿಕೆಟ್ಟನ್ನೇ ನೆಚ್ಚುವಂತೆಯೂ ಇಲ್ಲ: 2020ರ ಕೋವಿಡ್‌ನಲ್ಲಿ ಪಂದ್ಯಗಳು ಖಾಲಿ ಕ್ರೀಡಾಂಗಣದಲ್ಲಿ ನಡೆದಾಗ ಟಿಕೆಟ್ ಹಣವೇ ಬರಲಿಲ್ಲ. ಸಂಬಳ ತಡೆದ ಅದೇ ಪ್ರಕಟಣೆಯಲ್ಲಿ, ಯುವ ತಂಡಗಳಿಗೂ ತನ್ನ ಫುಟ್‌ಬಾಲ್ ಶಾಲೆಗಳಿಗೂ ಧಕ್ಕೆಯಿಲ್ಲ ಎಂದಿತ್ತು ಬೆಂಗಳೂರು ಎಫ್‌ಸಿ. ಲೀಗ್ ನಿಂತರೂ ನಡೆದು ವರಮಾನ ತರಬಲ್ಲ ಇಂಥ ಶಾಲೆಗಳು ಬಿಡದಿ, ರಾಮನಗರದವರೆಗೂ ಹಬ್ಬಬೇಕು.