ಲಿಯರ್ ದೊರೆಯ ವಿದೂಷಕ ಎಲ್ಲಿ ಹೋದ?

ಪ್ರಶ್ನೆ: ‘ಕಿಂಗ್ ಲಿಯರ್’ ನಾಟಕದ ವಿದೂಷಕ ಅರ್ಧಕ್ಕೇ ಮಾಯವಾಗುವುದೇಕೆ?

ಉತ್ತರ: ಮೂರನೇ ಅಂಕದ ಆರನೇ ದೃಶ್ಯದ ನಂತರ ಅವನ ಸುಳಿವಿಲ್ಲ, ಷೇಕ್ಸ್‌ಪಿಯರ್ ಕಾರಣವನ್ನೂ ಹೇಳಿಲ್ಲ. ಅವನೂ ಲಿಯರ್‌ನ ಕಿರಿಮಗಳು ಕಾರ್ಡೀಲಿಯಾಳೂ ಒಮ್ಮೆಯೂ ಒಟ್ಟಿಗೆ ರಂಗಕ್ಕೆ ಬರುವುದಿಲ್ಲ. ಹಾಗಾಗಿ ಎರಡೂ ಪಾತ್ರ ಒಬ್ಬನೇ ನಟನದಿರಬಹುದು ಎಂಬ ಊಹೆಯುಂಟು. ನನಗೇನೋ ಅನುಮಾನ. ಹೆಣ್ಣುಪಾತ್ರ ಆಗ ಹುಡುಗರ ಪಾಲು. ವಿದೂಷಕನ ಪಾತ್ರ ಮಾಡಿರಬಹುದಾದ, ಷೇಕ್ಸ್‌ಪಿಯರ್ ತಂಡದ ಹಾಸ್ಯನಟ ರಾಬರ್ಟ್ ಆರ್ಮಿನ್ ಬಲಿತ ಗಂಡಸು.

ನಿಜವಾಗಿ ವಿದೂಷಕನ ಕೆಲಸ ಮುಗಿದಿತ್ತು. ಮೊಟ್ಟೆ ಒಡೆದು ಒಳಗಿನದನ್ನು ತಿಂದರೆ ಉಳಿಯುವ ಎರಡು ಚಿಪ್ಪುಗಳೇ ಎರಡು ಕಿರೀಟ ಎಂದು ಅಣಕಿಸಿ, ಹೆಣ್ಣುಮಕ್ಕಳಿಗೆ ರಾಜ್ಯ ಹಂಚಿಕೊಟ್ಟ ಮುದುಕ ಲಿಯರ್‌ನ ದಡ್ಡತನವನ್ನು ಅವನ ಮುಖಕ್ಕೇ ಹೇಳಿದವನು ಈ ವಿದೂಷಕ. ಮೂರನೇ ಅಂಕದ ಬಿರುಗಾಳಿಯಲ್ಲಿ ಲಿಯರ್‌ಗೆ ತಾನೇ ಕಣ್ಣು ತೆರೆಯುತ್ತದೆ. ನಾಲ್ಕನೇ ಅಂಕದಲ್ಲಿ, ಕುರುಡನಾದ ಸರದಾರ ಗ್ಲಾಸ್ಟರ್‌ನ ಎದುರು ನ್ಯಾಯಾಧೀಶನಿಗೂ ಕಳ್ಳನಿಗೂ ಏನು ವ್ಯತ್ಯಾಸ ಎಂದು ವಿದೂಷಕನಂತೆ ಗೇಲಿ ಮಾಡುವವನು ದೊರೆಯೇ.