ಮನೆಯಲ್ಲಿ ವಿದ್ಯುತ್ ಉಳಿತಾಯ: ಎಲ್ಲಿ, ಎಷ್ಟು?

ಕಳೆದ ಚಳಿಗಾಲದಲ್ಲಿ ಮಾರೇನಹಳ್ಳಿಯ ನಮ್ಮ ಮನೆಯಲ್ಲಿ ಒಂದು ಅವಘಡ ನಡೆಯಿತು. ಎಪ್ಪತ್ತೆಂಟು ವರ್ಷದ ನಮ್ಮ ಅತ್ತೆಯವರು ನಸುಕಿನಲ್ಲಿ ಬಚ್ಚಲಿಗೆ ಹೋಗುವಾಗ ನಡುಮನೆಯ ಹೊಸ್ತಿಲು ಎಡವಿ ಬಿದ್ದರು. ಪುಣ್ಯವಶಾತ್ ಮೂಳೆ ಮುರಿಯಲಿಲ್ಲ. ಮೊಣಕೈ ಬಾತು ಹದಿನೈದು ದಿನ ನೋವುಂಡರು. ದೀಪವನ್ನೇಕೆ ಹಾಕಲಿಲ್ಲವೆಂದು ಕೇಳಿದರೆ, "ಕರೆಂಟು ಇನ್ನೂರು ದಾಟಿಬಿಟ್ಟರೆ ಏನು ಗತಿ?" ಎಂದರು.

ಅವರ ಭಯಕ್ಕೆ ಆಧಾರವಿಲ್ಲದಿಲ್ಲ. 2023ರ ಆಗಸ್ಟ್ ತಿಂಗಳ ಬಿಲ್ಲಿನಿಂದ ಜಾರಿಗೆ ಬಂದ ಗೃಹಜ್ಯೋತಿ ಯೋಜನೆಯಲ್ಲಿ, ಮನೆಯ ಹಿಂದಿನ ಸರಾಸರಿ ಬಳಕೆಗೆ ಸ್ವಲ್ಪ ಹೆಚ್ಚಳ ಸೇರಿಸಿ ಒಂದು ಮಿತಿಯನ್ನು ಗೊತ್ತುಮಾಡಲಾಯಿತು. ಆ ಮಿತಿಯನ್ನು ಮೀರಿದರೆ ಮೀರಿದಷ್ಟಕ್ಕೆ ಹಣ. ತಿಂಗಳ ಬಳಕೆ 200 ಯೂನಿಟ್ಟು ದಾಟಿದರೆ ಪೂರ್ತಿ ಬಿಲ್ಲು. ಒಂದೇ ಮೀಟರಿನಲ್ಲಿ ಮನೆಯೊಡೆಯರೂ ಬಾಡಿಗೆದಾರರೂ ಹಂಚಿಕೊಂಡಿರುವ ಕಡೆಗಳಲ್ಲಿ ಇದರಿಂದ ಎದ್ದ ಜಗಳಗಳನ್ನು ನಮ್ಮ ಬೀದಿಯಲ್ಲಿಯೇ ಕೇಳಿದ್ದೇವೆ. ನಮ್ಮ ಮನೆಯ ಲೆಕ್ಕವೂ 190ರ ಆಸುಪಾಸಿನಲ್ಲಿ ತೂಗಾಡುತ್ತಿತ್ತು.

ಅತ್ತೆಯವರು ಬಿದ್ದ ಮೇಲೆ ನಾನು ಕಾಗದ, ಪೆನ್ಸಿಲು ಹಿಡಿದು ಕುಳಿತೆ. ಸಾವಿರ ವ್ಯಾಟ್ ಒಂದು ಗಂಟೆ ಉರಿದರೆ ಒಂದು ಯೂನಿಟ್ಟು. ಮೂರು ವ್ಯಾಟಿನ ಪುಟ್ಟ ಎಲ್‌ಇಡಿ ದೀಪವನ್ನು ರಾತ್ರಿ ಎಂಟು ಗಂಟೆ ಕಾಲ ಉರಿಸಿದರೂ ತಿಂಗಳಿಗೆ ಮುಕ್ಕಾಲು ಯೂನಿಟ್ಟೂ ಆಗದು. ಆದರೆ ಇಪ್ಪತ್ತು ಲೀಟರಿನ ಒಂದು ಬಕೆಟ್ಟು ನೀರನ್ನು ಇಪ್ಪತ್ತು ಡಿಗ್ರಿಯಷ್ಟು ಬಿಸಿಮಾಡಲು ಹೆಚ್ಚುಕಡಿಮೆ ಅರ್ಧ ಯೂನಿಟ್ಟು ಬೇಕು. ನಾಲ್ವರು ದಿನಕ್ಕೊಂದು ಬಕೆಟ್ಟಿನಂತೆ ಮಿಂದರೆ ತಿಂಗಳಿಗೆ ಸುಮಾರು 55 ಯೂನಿಟ್ಟು! ಮಗ ಗೀಜರಿನ ಸ್ವಿಚ್ಚು ಹಾಕಿ ಪತ್ರಿಕೆ ಓದುತ್ತ ಮರೆತು ಕೂರುವುದು ಬೇರೆ. ಮನೆಯ ಹಿರಿಯಳು ಕತ್ತಲೆಯಲ್ಲಿ ತಡಕಾಡಿ ಉಳಿಸಿದ್ದನ್ನು ಬಚ್ಚಲು ಒಂದೇ ಬಕೆಟ್ಟಿನಲ್ಲಿ ನುಂಗುತ್ತಿತ್ತು.

ಈ ಬಗೆಯ ಲೆಕ್ಕವನ್ನು ಇಡೀ ರಾಜ್ಯಕ್ಕೆ ಹಾಕಿ ತೋರಿಸಿದವರು ನಮ್ಮ ಊರಿನವರೇ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ 'ಅಸ್ತ್ರ' ಎಂಬ ಗ್ರಾಮೀಣ ತಂತ್ರಜ್ಞಾನ ಕೇಂದ್ರವನ್ನು ಕಟ್ಟಿದ ಪ್ರೊ. ಅಮೂಲ್ಯ ಕೆ. ಎನ್. ರೆಡ್ಡಿಯವರು (1930-2006) ಮತ್ತು ಅವರ ಸಂಗಡಿಗರು. ಕಡಿಮೆ ಸೌದೆಯಲ್ಲಿ ಅಡುಗೆಯಾಗುವ 'ಅಸ್ತ್ರ ಒಲೆ' ಹಳ್ಳಿಗಳ ಅನೇಕ ತಾಯಂದಿರಿಗೆ ಪರಿಚಿತ. ಅದು ಅದೇ ಕೇಂದ್ರದ ಕೊಡುಗೆ. 1991ರಲ್ಲಿ ಪ್ರಕಟಿಸಿದ ಕರ್ನಾಟಕದ ವಿದ್ಯುತ್ ಯೋಜನೆಯಲ್ಲಿ ಅವರು, ಜನರಿಗೆ ನಿಜವಾಗಿ ಬೇಕಾದದ್ದು ಬೆಳಕು, ಬಿಸಿನೀರು ಮೊದಲಾದ ಅನುಕೂಲಗಳೆಂದೂ, ನೀರು ಕಾಯಿಸುವುದನ್ನು ಸೂರ್ಯನಿಗೆ ಒಪ್ಪಿಸಿ ಹಳೆಯ ಬಲ್ಬುಗಳ ಬದಲಿಗೆ ಮಿತವ್ಯಯದ ದೀಪಗಳನ್ನು ಹಾಕಿದರೆ ದೊಡ್ಡ ಸ್ಥಾವರಗಳ ಅಗತ್ಯವೇ ತಗ್ಗುವುದೆಂದೂ ವಾದಿಸಿದರು. ದೀಪದ ಮಾತನ್ನು ನಾವು ಬಹುಮಟ್ಟಿಗೆ ನಡೆಸಿದ್ದೇವೆ. ಬಿಸಿನೀರಿನ ಮಾತು ಅರ್ಧದಲ್ಲಿ ನಿಂತಿದೆ.

ನಮ್ಮ ಮಾಳಿಗೆಯ ಮೇಲೂ ಸೌರ ಜಲತಾಪಕವೊಂದು ಇತ್ತು. ಕೊಳವೆಬಾವಿಯ ಗಡಸು ನೀರಿನ ಸುಣ್ಣ ಕಟ್ಟಿ ಮೂರು ವರ್ಷದಿಂದ ಮೂಕವಾಗಿ ಕುಳಿತಿತ್ತು. ಅದನ್ನು ಬಿಚ್ಚಿಸಿ, ತೊಳೆಸಿ, ನೆರಳು ಚಾಚಿದ್ದ ನೀರಿನ ತೊಟ್ಟಿಯನ್ನು ಪಕ್ಕಕ್ಕೆ ಸರಿಸಿದೆವು. ಬಿಸಿನೀರು ಬರುವ ಮುನ್ನ ಹರಿಯುವ ತಣ್ಣೀರನ್ನು ಬಕೆಟ್ಟಿನಲ್ಲಿ ಹಿಡಿದು ಪಾತ್ರೆಗೆ ಬಳಸುತ್ತೇವೆ. ಆಷಾಢದ ಮೋಡದ ದಿನಗಳಲ್ಲಿ ಗೀಜರು ಬೇಕೇ ಬೇಕು; ಆಗ ಕಾದ ಕೂಡಲೇ ಆರಿಸಿ, ಒಬ್ಬರ ಹಿಂದೊಬ್ಬರು ಮೀಯುವುದು ಪದ್ಧತಿಯಾಗಿದೆ.

ಉಳಿದವು ಚಿಕ್ಕ ಸಂಗತಿಗಳು. ಹಳೆಯ ಫ್ಯಾನು ಎಪ್ಪತ್ತೈದು ವ್ಯಾಟ್ ಎಳೆಯುತ್ತದೆ, ಹೊಸ ಬಿಎಲ್‌ಡಿಸಿ ಫ್ಯಾನು ಮೂವತ್ತರ ಸುಮಾರು. ದಿನಕ್ಕೆ ಹತ್ತು ಗಂಟೆ ತಿರುಗುವ ಕೋಣೆಯಲ್ಲಿ ತಿಂಗಳಿಗೆ ಹದಿಮೂರು ಯೂನಿಟ್ಟಿನ ಅಂತರ. ಬಳಕೆಯಿಲ್ಲದ ಕೋಣೆಗೆ ಅದನ್ನು ಕೊಳ್ಳುವುದು ದಂಡ. ಫ್ರಿಜ್ಜಿನ ಬಾಗಿಲಿಗೆ ಒಂದು ಕಾಗದ ಸಿಕ್ಕಿಸಿ ಎಳೆಯಿರಿ. ಸಲೀಸಾಗಿ ಬಂದರೆ ರಬ್ಬರು ಪಟ್ಟಿ ಸವೆದಿದೆಯೆಂದೇ ಅರ್ಥ. ಬೇಳೆಕಾಳನ್ನು ನೆನೆಸಿಟ್ಟು ಕುಕ್ಕರಿನಲ್ಲಿಡುವುದನ್ನು ನಮ್ಮ ಗೃಹಿಣಿಯರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಇನ್ನೊಂದು ಉಪಾಯ ಮಕ್ಕಳಿಗೆ ಬಹಳ ಹಿಡಿಸಿತು. ಮೀಟರಿನಲ್ಲಿ ಮಿಣುಕುವ ಕೆಂಪು ದೀಪವನ್ನು ಗಮನಿಸಿದ್ದೀರಾ? ಯೂನಿಟ್ಟಿಗೆ ಎಷ್ಟು ಮಿಣುಕೆಂದು ಅದರ ಮೇಲೆಯೇ ಬರೆದಿರುತ್ತದೆ, ನಮ್ಮದರಲ್ಲಿ 3200. ಎರಡು ಸಾವಿರ ವ್ಯಾಟಿನ ಗೀಜರು ಹಾಕಿದಾಗ ಅದು ಕ್ಷಣಕ್ಕೆರಡರಂತೆ ಓಡುತ್ತದೆ; ಆರಿಸಿದರೆ ನಿಧಾನವಾಗುತ್ತದೆ. ಅತ್ತೆಯವರನ್ನು ಕುರ್ಚಿ ಹಾಕಿ ಅದರೆದುರು ಕೂರಿಸಿದೆವು. ಮೊಮ್ಮಗಳು ಬಚ್ಚಲ ದಾರಿಯ ಪುಟ್ಟ ದೀಪವನ್ನು ಹಾಕಿ, ಆರಿಸಿ, ಮತ್ತೆ ಹಾಕಿದಳು. ಮಿಣುಕಿನ ನಡೆಯಲ್ಲಿ ಏನೂ ವ್ಯತ್ಯಾಸ ಕಾಣಲಿಲ್ಲ. "ಇಷ್ಟೇನೆ?" ಎಂದು ಅವರು ಎದ್ದು ಒಳಗೆ ಹೋದರು. ಅಂದಿನಿಂದ ಆ ದೀಪ ರಾತ್ರಿಯಿಡೀ ಉರಿಯುತ್ತಿದೆ. ಕಳೆದ ತಿಂಗಳ ಬಿಲ್ಲಿನಲ್ಲಿ ಬಳಕೆ 148 ಯೂನಿಟ್ಟು.